ಮೊದಲ ಕಟ್ಟು ಸೊಪ್ಪು

ನೈರೋಬಿ

ಸಂಘದ ಹಿರಿಯರಾದ ನೆಕೇಸಾ ಅಮ್ಮನವರಿಗೆ, ಹಿಂದಿನ ಓಣಿಯ ಅಯೂಮಾಳ ನಮಸ್ಕಾರ.

ನಮ್ಮ ಸಂಘದವರು ಮಣ್ಣು ತುಂಬಿಟ್ಟ ಗೋಣಿಚೀಲಗಳಲ್ಲಿ ಸುಕುಮಾ ಸೊಪ್ಪು ಚೆನ್ನಾಗಿ ಬಂದಿದೆ. ಸೊಪ್ಪು ಕೊಳ್ಳಲಾಗದೆ ಬರೀ ಉಗಾಲಿ ಮುದ್ದೆ ತಿನ್ನುತ್ತಿದ್ದ ಮಕ್ಕಳಿಗೆಲ್ಲ ನಾಳೆ ಅದೇ ಊಟ. ಆದರೆ ಪುಕ್ಕಟೆ ಸಿಕ್ಕಿತೆಂದು ನಾವು ಮಣ್ಣು ಹೊತ್ತು ತಂದದ್ದು ಹಳೇ ಬ್ಯಾಟರಿ ಅಂಗಡಿಯ ಹಿತ್ತಲಿಂದ. ಕಾಲೇಜಿನ ಗೆಳತಿಯಿಂದ ಆ ಮಣ್ಣನ್ನು ಪರೀಕ್ಷೆ ಮಾಡಿಸಿದೆ. ಅದರಲ್ಲಿ ಸೀಸವಿದೆ, ಅದು ಸೊಪ್ಪಿಗೂ ಸೇರುತ್ತದೆ, ಮಕ್ಕಳಿಗೆ ವಿಷ.

ಮೊನ್ನೆ ಸಂಘದಲ್ಲಿ ಇದನ್ನು ಹೇಳಲು ಬಂದಾಗ, "ಓದಿದೋಳಿಗೆ ಮಣ್ಣು ಕಂಡ್ರೂ ಭಯ ಕಣ್ರೇ" ಅಂತ ಎಲ್ಲರನ್ನೂ ನಗಿಸಿದಿರಿ. ಆಗಿನಿಂದ ನಿದ್ದೆಯಿಲ್ಲ.

ಹಾಲೂಡಿಸುವ ತಾಯಿಗೆ ಮೊದಲ ಕಟ್ಟು ಕೊಡುವುದು ಸಂಘದ ಪದ್ಧತಿ. ಈ ಸಲ ಅದು ನನ್ನದು. ತಂದು ಸುಮ್ಮನೆ ಬಿಸಾಡಬಹುದು. ಆದರೆ ಮುಂದಿನ ಕಟ್ಟು ನಿಮ್ಮ ಮೊಮ್ಮಗಳಿಗೆ ಹೋಗುತ್ತದೆ. ಅದಕ್ಕೇ ನಾಳೆ ಎಲ್ಲರೆದುರು ಬೇಡ ಅನ್ನುತ್ತೇನೆ. ಆಗ ದಯವಿಟ್ಟು ನನ್ನ ಪಕ್ಕ ಬಂದು ನಿಲ್ಲಿ.

ನಿಮ್ಮ ಮಗಳಂಥ
ಅಯೂಮಾ