ನಿಮ್ಮ ನಾಲಿಗೆ ನೋಡಿದವನು

ಶಂಕರಣ್ಣಾ,

2007ರ ಅಕ್ಟೋಬರ್‌ನಲ್ಲಿ, ನೀವು ತೀರಿಕೊಂಡ ಮರುವಾರ, ಈ ಕೊಲ್ಲಿ ನಾಡಿನ ಫಹಾಹೀಲ್‌ನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹೇಳಿದರು: "ಒಬ್ಬ ಚೀನಾದವನ ಕಷಾಯ ನಮ್ಮ ಶಂಕರಣ್ಣನನ್ನು ಕೊಂದಿತು." ಅದು ಸುಳ್ಳು. ಎಂಟು ವರ್ಷದ ಮೇಲೆ ಈಗ ಅದನ್ನೇ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ.

ಆ ಬೇಸಿಗೆ ನೆನಪಿದೆಯೇ? ಸಬ್ಹಾನ್‌ನ ವರ್ಕ್‌ಶಾಪಿನಲ್ಲಿ ನೀವು ಮಾವಿನ ಜ್ಯೂಸಿನ ಡಬ್ಬಿಗಳನ್ನು ಒಂದರ ಮೇಲೊಂದು ಖಾಲಿ ಮಾಡುತ್ತಿದ್ದಿರಿ. ಇಬ್ಬರ ಊಟ ಉಣ್ಣುತ್ತಿದ್ದಿರಿ, ಆದರೂ ಬೆಲ್ಟಿಗೆ ಹೊಸ ತೂತು ಬೇಕಾಗುತ್ತಿತ್ತು. ನಾವೆಲ್ಲ ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆವು. ಪಕ್ಕದ ಚೀನಾದ ವೆಲ್ಡರ್ ಲಿನ್ ಮಾತ್ರ, ಅಜ್ಜನಿಂದ ನಾಟಿ ವೈದ್ಯ ಕಲಿತವನು, ನಾಲಿಗೆ ಚಾಚಲು ಹೇಳಿದ. ಕೆಂಪಗೆ, ಬಿರುಕು ಬಿಟ್ಟಿತ್ತು. "ಅಂದರ್ ಮಾಯ್ ಖಲಾಸ್, ಆಗ್ ಜಾಸ್ತಿ," ಎಂದ. ಒಳಗಿನ ನೀರು ಮುಗಿದಿದೆ, ಒಣ ಬೆಂಕಿ ಮೈಯನ್ನು ಕರಗಿಸುತ್ತಿದೆ ಎಂದು. ಹಿಪ್ಪುನೇರಳೆ ಎಲೆಯ ಕಷಾಯ ಕೊಟ್ಟ. ಇಷ್ಟೇ ಸಾಲದು, ಕ್ಲಿನಿಕ್ಕಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು ಎಂದೂ ಹೇಳಿದ.

ನನಗೆ ಹೊಟ್ಟೆ ಉರಿಯಿತು. ಫಿಂಟಾಸ್‌ನ ಒಂದೇ ರೂಮಿನಲ್ಲಿ ಹದಿನಾಲ್ಕು ವರ್ಷ ನಿಮ್ಮೊಂದಿಗೆ ರೊಟ್ಟಿ ಬಡಿದವನು ನಾನು. ಸ್ಪ್ಯಾನರ್ ಹಿಡಿಯುವುದನ್ನು ನಿಮ್ಮಿಂದ ಕಲಿತವನು ನಾನು. ನನ್ನೆದುರು ಒಂದು ದಿನವಾದರೂ ನೀವು ನಾಲಿಗೆ ಚಾಚಿದ್ದಿರಾ? ನಿನ್ನೆ ಮೊನ್ನೆ ಬಂದವನಿಗೆ ಮಾತ್ರ...

ಅಂದು ಸಂಜೆ ನೀವು ಕೇಳಿದಿರಿ, "ತಮ್ಮಾ, ಲಿನ್ ರಕ್ತ ತೋರ್ಸು ಅಂತಾನ. ಏನ್ ಮಾಡ್ಲಿ?"

"ಅವ ಯಾವ ದೊಡ್ಡ ಡಾಕ್ಟರ್ ಬಿಡ್ರಿ! ಮೈ ಇಳದದ, ಟಿಬಿ ಅಂತ ಬರದ್ರ ಇಕಾಮಾ ಹೋತು, ಇಲ್ಲಿ ಇರಾಕ ಬಿಡೂದಿಲ್ಲ, ಊರಿಗೆ ಕಳಸ್ತಾರ. ರಿನ್ಯೂ ಆಗೂತನ ಸುಮ್ನಿರ್ರಿ."

"ಲಿನ್ ಭಾಳ ಹೆದರ್ಸ್ಯಾನಪಾ."

"ಹಂಗಾರ ಅವನ ಮನೀಗೇ ಹೋಗಿ ಇರ್ರಿ!"

ನೀವು ನಕ್ಕಿರಿ. ಕ್ಲಿನಿಕ್ಕಿಗೆ ಹೋಗಲಿಲ್ಲ. ನಾನು ಗೆದ್ದೆ.

ಎರಡು ತಿಂಗಳಾದ ಮೇಲೆ ಎಚ್ಚರ ತಪ್ಪಿದ ನಿಮ್ಮನ್ನು ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ಹೇಳಿದ್ದು ಟಿಬಿ ಅಲ್ಲ, ಸಕ್ಕರೆ ಕಾಯಿಲೆ. "ಮೊದಲೇ ರಕ್ತ ನೋಡಿದ್ದರೆ ಉಳಿಯುತ್ತಿದ್ದರು," ಎಂದರು. ಅಧ್ಯಕ್ಷರು ನನ್ನ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡರು.

ಆದರೂ ಸಭೆಯಲ್ಲಿ ಅವರು ಲಿನ್‌ನನ್ನು ದೂರಿದಾಗ ನಾನು ತಲೆಯಾಡಿಸಿದೆ. ಒಳಗೊಳಗೇ ಸಮಾಧಾನವೂ ಆಯಿತು. ಆಮೇಲೆ ನಮ್ಮವರು ಯಾರೂ ಅವನೊಂದಿಗೆ ಕೂತು ಉಣ್ಣಲಿಲ್ಲ. ಅವನಿಗೆ ವೀಸಾ ಕೊಟ್ಟ ಮಾಲೀಕ ಕಫೀಲ್‌ವರೆಗೆ ದೂರು ಹೋಯಿತು. ಅವನು ಊರಿಗೆ ಹೊರಟ ದಿನ ಗೇಟಿನಲ್ಲಿ ನನ್ನನ್ನು ಕೇಳಿದ, "ಭಾಯಿ, ಕ್ಲಿನಿಕ್ ಹೋಗು ಅಂದಿದ್ದೆನಲ್ಲ, ನಿನಗೆ ಗೊತ್ತಲ್ಲ?" ನಾನು ತಿರುಗಿ ವರ್ಕ್‌ಶಾಪಿನೊಳಗೆ ಹೋದೆ. ಈಗಲೂ ಅವನ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಅಣ್ಣಾ. ನಿಮ್ಮನ್ನು ಸರಿಯಾಗಿ ನೋಡಿದವನು ಅವನೊಬ್ಬನೇ.

ಬರುವ ಶುಕ್ರವಾರ ಸಂಘದ ಮಹಾಸಭೆ. ಕ್ಲಿನಿಕ್ಕಿಗೆ ಹೋಗದಂತೆ ತಡೆದವನು ನಾನು ಎಂದು ಮೊದಲು ನಾನೇ ಎದ್ದು ಹೇಳುತ್ತೇನೆ. ಆಮೇಲೆ ಅಧ್ಯಕ್ಷರು ಉತ್ತರ ಕೊಡಬೇಕು, ನನ್ನ ಕಿವಿಯಲ್ಲಲ್ಲ, ಎಲ್ಲರೆದುರು: "ಡಾಕ್ಟರರ ಮಾತು ಕೇಳಿಯೂ ಲಿನ್ ಕೊಂದ ಎಂದು ಯಾಕೆ ಹೇಳಿದಿರಿ?"