ಅವ್ವನ ಪರವಾಗಿ ಒಂದು ಮಾತು

ಗುಳೇದಗುಡ್ಡ
ಮಂಗಳವಾರ, ೧೪ ನವೆಂಬರ್ ೧೯೭೮

ಚಿರಂಜೀವಿ ಸೌಭಾಗ್ಯವತಿ ಸಂಗವ್ವಗೆ ನಿನ್ನಪ್ಪನ ಆಶೀರ್ವಾದಗಳು.

ಸೊಲ್ಲಾಪುರದ ಥಂಡಿ ಒಗ್ಗಿತೇ? ಅಳಿಯಂದಿರ ಕೆಮ್ಮು ಹೇಗಿದೆ? ಕೂಸಿನ ಕಿವಿ ಸೋರುವುದು ನಿಂತಿದ್ದರೆ ಬರೆ, ನಿಮ್ಮವ್ವನಿಗೆ ಹೇಳುತ್ತೇನೆ. ಅವಳಿಗೆ ಕೇಳಿಸುತ್ತದೋ ಇಲ್ಲವೋ, ಹೇಳುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ಹೋದ ಶುಕ್ರವಾರ ಮಗ್ಗದ ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ಹಾಗೆಯೇ ವಾಲಿದಳು. ಬಾಯಿ ಬಿದ್ದಿದೆ, ಬಲಗೈ ಬಲಗಾಲು ಏಳುವುದಿಲ್ಲ. ಗಂಜಿ ಗುಟುಕು ಗುಟುಕಾಗಿ ಇಳಿಯುತ್ತದೆ. ಬಾಗಲಕೋಟೆಯ ಡಾಕ್ಟರು ನೋಡಿ, ಮಿರಜಿಗೆ ಒಯ್ದು ತಲೆಯ ಆಪರೇಷನ್ ಮಾಡಿಸಬೇಕು, ಮೂಗಿಗೆ ನಳಿಗೆ ಹಾಕಬೇಕು, ಉಳಿದರೂ ಉಳಿಯಬಹುದು ಎಂದರು. ಆ ಕೊನೆಯ ಮಾತನ್ನೇ ಹಿಡಿದುಕೊಂಡು ಕುಳಿತಿದ್ದೇನೆ.

ಆದರೆ ಶ್ರಾವಣದಲ್ಲಿ ಅವಳು ಮಾಡಿಟ್ಟದ್ದು ನಿನಗೂ ಗೊತ್ತು. ಅವಳಕ್ಕ ದೊಡ್ಡ ದವಾಖಾನೆಯಲ್ಲಿ ನಳಿಗೆ ಹಾಕಿಸಿಕೊಂಡು ಸತ್ತಾಗ ಕೊರಳಿನ ಲಿಂಗ ಬಿಚ್ಚಿ ಕಿಟಕಿಯಲ್ಲಿಟ್ಟಿದ್ದರು. ಅದನ್ನು ನೋಡಿ ಬಂದವಳೇ ಮಠದ ಬಸಯ್ಯನವರನ್ನು ಮನೆಗೆ ಕರೆಸಿದಳು. “ನನ್ನ ಬಾಯಿ ಬಿದ್ದರ ಸಂಗವ್ವನ ಮಾತೇ ನನ್ನ ಮಾತರಿ. ನಳಿಗಿ ಬ್ಯಾಡ, ಲಿಂಗ ತಗಸೂದು ಬ್ಯಾಡ. ನಾ ಮನ್ಯಾಗ ಹೋಗತೇನಿ” ಎಂದಳು. “ಗಂಡ ಇದ್ದಾಗ ಮಗಳ್ಯಾಕವ್ವ?” ಎಂದು ಅವರು ಕೇಳಿದರೆ ನಕ್ಕಳು. “ಇವರು ಭಾಳ ಮೆತ್ತಗರಿ. ನನ್ನ ಹೋಗಗೊಡೂದಿಲ್ಲ.” ನಿನ್ನ ಮಾತು ಮೀರುವುದಿಲ್ಲ ಎಂದು ನನ್ನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿಯೇ ಬಿಟ್ಟಳು. ಗುಂಡುಕಲ್ಲಿನಂತಿದ್ದಳಲ್ಲ, ನಾನೂ ನಗುತ್ತಲೇ ಮುಟ್ಟಿದೆ.

ಈಗ ಮಿರಜಿಗೆ ಹೋಗಲು ಲಾಡಸಾಬನ ಬಾಡಿಗೆ ಕಾರು ಹೇಳಿಟ್ಟಿದ್ದೇನೆ. ಬಸಯ್ಯನವರು ಮಾತ್ರ ಬಾಗಿಲಲ್ಲಿ ಕುಳಿತು, “ಸಂಗವ್ವ ಏನಂತಾಳ ಮೊದಲ ಕೇಳ್ರಿ” ಎನ್ನುತ್ತಾರೆ. ನಿನ್ನಿಂದ ಮುಚ್ಚಿಡುವುದೇನು, ನಿಮ್ಮವ್ವನ ಎಡಗೈ ಆಡುತ್ತದೆ. ಹಗಲೆಲ್ಲ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದೇ ಇರುತ್ತಾಳೆ. ಮೈ ಒರೆಸಲು ಬಿಡಿಸಹೋದೆ, ಬಿಡಲಿಲ್ಲ. ಅದರ ಅರ್ಥ ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಮದುವೆಯಾದಾಗಿನಿಂದ ಅವಳು ಸುತ್ತಿಕೊಟ್ಟ ಕಂಡಿಕೆಯಲ್ಲೇ ಕುಪ್ಪಸದ ಖಣ ನೇಯ್ದವನು ನಾನು. ಅವಳಿಲ್ಲದ ಮನೆಯಲ್ಲಿ ಮಗ್ಗದ ಮುಂದೆ ಹೇಗೆ ಕೂಡಲಿ? ನನ್ನ ಕೈಲಾಗುವುದಿಲ್ಲ ತಾಯಿ. ‘ಒಯ್ಯಿರಿ’ ಎಂದು ಒಂದೇ ಮಾತು ತಂತಿ ಕೊಡು. ನಿನ್ನ ಕಾಲು ಹಿಡಿಯುತ್ತೇನೆ ಎನ್ನಬಾರದು, ಆದರೂ ಅನ್ನುತ್ತಿದ್ದೇನೆ.

ಅಳಿಯಂದಿರಿಗೆ ಶರಣಾರ್ಥಿ, ಕೂಸಿಗೆ ಮುದ್ದು.

ನಿನ್ನಪ್ಪ,
ಅಮಾತೆಪ್ಪ

ತಾ.ಕ.: ನೀನು ನಿಮ್ಮವ್ವನ ಮಗಳು, ಅವಳು ಹೇಳಿದ್ದನ್ನೇ ಹೇಳುತ್ತೀ. ಅದಕ್ಕೇ ತಂತಿ ಕೊಡಬೇಡ, ಬರಲೂ ಬೇಡ. ಶನಿವಾರದವರೆಗೆ ಸುಮ್ಮನಿರು. ನಿನ್ನಿಂದ ಏನೂ ಬರದಿದ್ದರೆ, ನೀನು ಹೂಂ ಅಂದೆ ಎಂದೇ ಬಸಯ್ಯನವರಿಗೆ ಹೇಳುತ್ತೇನೆ.