ಗಂಜಿ ಬಳಿದ ಕಂಬಳಿ

ದೊಡ್ಡಉಳ್ಳಾರ್ತಿ
೧೯-೧-೨೦೦೩

ಸೊಸೆಯಾದರೂ ಮಗಳಾಗಿರುವ ಶಾಂತಕುಮಾರಿಗೆ ನಿನ್ನತ್ತೆ ಪಾತಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ನಿನ್ನ ಗಂಡ ಕಂಬಳಿ ನೇಯುವಷ್ಟು ಹುಷಾರಾದನಂತೆ, ಯುಗಾದಿಗೆ ರಾಂಪುರದ ತವರಿನಿಂದ ಬಂದುಬಿಡಲೇ ಎಂದು ಕೇಳಿದ್ದೀಯ. ನನ್ನ ಅಕ್ಷರ ಪಕ್ಕದ ಮನೆಯ ಮಕ್ಕಳ ಸ್ಲೇಟಿನಲ್ಲಿ ಕಲಿತದ್ದು, ಸೊಟ್ಟಗಿದ್ದರೆ ನಗಬೇಡ.

ಸಂತೆಯಲ್ಲಿ ನಿನ್ನ ಮೈದುನ ಕೃಷ್ಣಮೂರ್ತಿ ಕೊಟ್ಟ ಕಂಬಳಿ ಅವನೇ ನೇದದ್ದು ತಾಯಿ. "ಅತ್ತಿಗೆ ಮಕ ಬಾಡಿತ್ತವ್ವ, ಅಣ್ಣ ನೇದಿದ್ದು ಅಂದ್‌ಬಿಟ್ಟೆ" ಎಂದ. ಬೈಯಲು ಮನಸ್ಸು ಬರಲಿಲ್ಲ.

ನಿನ್ನ ಗಂಡ ಮುದ್ದಪ್ಪ ಮಾತ್ರೆ ತಪ್ಪಿಸುವುದಿಲ್ಲ. ಗೋಡೆಯ ಜೊತೆ ಜಗಳವಾಡುವುದು ನಿಂತಿದೆ. ಆದರೆ ಮಗ್ಗಕ್ಕೆ ಕೂರಿಸಿದರೆ ಲಾಳಿ ಹಿಡಿದು ಹಾಗೇ ಉಳಿದ. ಮುಂದೇನೆಂಬುದು ತಲೆಗೆ ಬರಲಿಲ್ಲ. ಚಳ್ಳಕೆರೆಯ ಡಾಕ್ಟರಮ್ಮ, "ಕಿವಿಯಾಗಿನ ದನಿ ಕಡಿಮೆ ಆಗ್ಯಾವೆ, ಈ ಮರೆವು ಮಾತ್ರೆಗೆ ಬಗ್ಗಲ್ಲ. ಬೈಬೇಡ್ರಿ. ಗೊತ್ತಿರೋ ಕೆಲಸ ಕೊಡ್ರಿ, ಒಂದು ಸಲಕ್ಕೆ ಒಂದೇ ಮಾತು ಹೇಳ್ರಿ" ಎಂದರು.

ಗೊತ್ತಿರುವ ಕೆಲಸ ಒಂದೇ ಉಳಿದಿದೆ. ಹುಣಸೆ ಬೀಜದ ಗಂಜಿ ಕಾಯಿಸಿ ಮುಂದಿಟ್ಟರೆ, ನೇದ ಕಂಬಳಿ ಬಿರುಸಾಗಲೆಂದು ಅದಕ್ಕೆ ಬಳಿಯುತ್ತಾನೆ. ಒಣಗಿದ್ದಕ್ಕೇ ಮರುದಿನ ಮತ್ತೆ ಬಳಿದ, ಅದರ ಮರುದಿನವೂ. ಕಂಬಳಿ ಹಲಗೆಯಾಗಿ ಗೋಡೆಗೆ ಒರಗಿ ನಿಂತಿತು. ಪಕ್ಕದ ಮನೆಯ ಯರ್ರಮ್ಮ "ಬಾಗ್ಲಿಗೆ ಕದ ಆತು ಬಿಡವ್ವ" ಎಂದು ನಕ್ಕಳು. ನಾನೂ ನಕ್ಕೆ. ಆ ಕೆಲಸ ಸಿಗದಿದ್ದರೆ ಕೈ ಹಿಸುಕಿಕೊಳ್ಳುತ್ತಾ ಅಂಗಳ ಸುತ್ತುತ್ತಾನೆ. ಅದಕ್ಕೇ ಮಧ್ಯಾಹ್ನ ಅವನು ಮಲಗಿದಾಗ ಆ ಕಂಬಳಿಯನ್ನು ನೀರಿನ ತೊಟ್ಟಿಗೆ ಹಾಕಿ, ತುಳಿದು, ಗಂಜಿ ಬಿಡಿಸುತ್ತೇನೆ. ಬೆಳಗ್ಗೆ ಅದನ್ನೇ ಹಾಸಿಕೊಡುತ್ತೇನೆ.

ಮೊನ್ನೆ ಬಳಿಯುತ್ತಲೇ "ಇದು ಯಾರಿಗವ್ವ?" ಎಂದ. ನಿನ್ನ ಹೆಸರು ಬಂದೀತೇನೋ ಎಂದು, ರಾಂಪುರಕ್ಕೆ ಅಂದೆ. "ರಾಂಪುರದಾಗೆ ನಮ್ಮೋರು ಯಾರವ್ವ ಅದಾರೆ?" ಎಂದು ಮತ್ತೆ ಗಂಜಿಗೆ ಕೈ ಹಾಕಿದ.

ಬಾ ಎನ್ನುವ ಮಾತು ನಾಲಿಗೆಯ ತುದಿಗೇ ಬರುತ್ತದೆ. ನೀನು ಬಂದರೆ ನನ್ನ ಕೈಗೆ ಇನ್ನೊಂದು ಕೈ. ಆದರೆ ನೀನು ಬರುವುದು ಗಂಡನಿಗಾಗಿ. ಇಲ್ಲಿ ಸಿಗುವುದು ಆ ತೊಟ್ಟಿ. ಬರಬೇಡ ಮಗಳೇ. ಕಲಿಯುತ್ತಿರುವ ಟೈಲರಿಂಗ್ ಬಿಡಬೇಡ.

ಇಂತಿ, ನಿನ್ನನ್ನು ಕಳಿಸಿಕೊಟ್ಟೂ ಬಿಟ್ಟುಕೊಡಲಾರದ
ಪಾತಮ್ಮ

ಹೇಳಲು ಮರೆತೆ: ಸಂತೆಯಲ್ಲಿ ಕೊಟ್ಟ ಆ ಕಂಬಳಿಯನ್ನು ಇನ್ನೂ ಹೊದ್ದಿಲ್ಲವಾದರೆ ಬಸ್ಸಿನವರ ಕೈಲಿ ಕಳಿಸು. ಇಲ್ಲಿಯದು ತುಳಿದು ತುಳಿದು ನಡುವೆ ಹರಿದಿದೆ. ಕೃಷ್ಣಮೂರ್ತಿ ಮಗ್ಗ ಬಿಚ್ಚಿಟ್ಟು ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದಾನೆ, ಇನ್ನು ಮನೆಯಲ್ಲಿ ನೇಯುವವರಿಲ್ಲ. ಅದೊಂದು ಬಂದರೆ ನನ್ನ ಕಾಲಕ್ಕೆ ಸಾಕು.